‘ಹೊಟ್ಟೆನೋವು ಸಿಸ್ಟರ್’

ವಸತಿ ಶಾಲೆಗೆ ನರ್ಸ್ ಆಗಿ ಬಂದ ಹೊಸದರಲ್ಲಿ ಆಸ್ಪತ್ರೆ ವಾರ್ಡಿನ ಅಭ್ಯಾಸವೇ ಇತ್ತು. ಮಗು ಬಾಗಿಲಲ್ಲಿ ಕಂಡ ಕೂಡಲೇ ‘ಏನಾಗಿದೆ? ಯಾವಾಗಿಂದ?’ ಅಂತ ಕೇಳುತ್ತಿದ್ದೆ. ಉತ್ತರ ಒಂದೇ: ‘ಹೊಟ್ಟೆನೋವು ಸಿಸ್ಟರ್.’ ತಲೆ ಸುತ್ತಿದರೂ ಹೊಟ್ಟೆನೋವು, ಮುಟ್ಟಾದರೂ ಹೊಟ್ಟೆನೋವು, ಅಮ್ಮ ನೆನಪಾದರೂ ಹೊಟ್ಟೆನೋವು.

ಈಗ ಮೊದಲು ಕೂರಿಸುತ್ತೇನೆ. ನಾನೂ ಸ್ಟೂಲ್ ಎಳೆದುಕೊಂಡು ಕೂರುತ್ತೇನೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ‘ಬೆಳಿಗ್ಗೆ ಏನು ತಿಂದೆ?’ ಅನ್ನುತ್ತೇನೆ. ‘ಸ್ನಾನಕ್ಕೆ ಲೈನಿತ್ತು, ತಿಂಡಿಗೆ ಹೋಗ್ಲಿಲ್ಲ’ ಅನ್ನುವವರೇ ಜಾಸ್ತಿ. ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿ ವಾಕರಿಕೆ ಅಂತ ಬರುವವರೂ ಇದ್ದಾರೆ. ಊಟ ಆದ ಮೇಲೆ ನುಂಗಿ, ಮಲ ಕಪ್ಪಗಾದರೆ ಹೆದರಬೇಡಿ ಅಂತ ಮೊದಲೇ ಹೇಳದಿದ್ದರೆ ಮಾರನೇ ದಿನ ಪಿಸುಗುಟ್ಟಲು ಒಂದು ಸಾಲೇ ಬಂದು ನಿಲ್ಲುತ್ತದೆ!

ಆರನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಹೊಟ್ಟೆ ಹೆಸರು ಎತ್ತುತ್ತಿರಲಿಲ್ಲ. ‘ಜ್ವರ ಸಿಸ್ಟರ್, ಇವತ್ತು ಹಾಸ್ಟೆಲಲ್ಲೇ ಇರ್ಲಾ?’ ಥರ್ಮಾಮೀಟರ್ ನೋಡಿದರೆ 98. ಎರಡು ಸಲ ಸುಮ್ನೆ ಕ್ಲಾಸಿಗೆ ಕಳಿಸಿದೆ. ಕಳ್ಳ ಅಂದುಕೊಂಡೆ, ನಿಜ ಹೇಳಬೇಕಲ್ವಾ. ನಾಲ್ಕನೇ ಸಲ ರಿಜಿಸ್ಟರ್ ತಿರುವಿದಾಗ ಕಣ್ಣಿಗೆ ಬಿತ್ತು: ನಾಲ್ಕೂ ಸಲ ಬೆಳಗಿನ ಪ್ರಾರ್ಥನೆಗೆ ಮುಂಚೆಯೇ ಬಂದಿದ್ದಾನೆ. ನನ್ನ ಪಕ್ಕದಲ್ಲೇ ನಿಂತಿದ್ದ ಅವನ ಚಡ್ಡಿಯಿಂದ ಮೂತ್ರದ ವಾಸನೆ ಬರುತ್ತಿತ್ತು. ಎಲ್ಲರೂ ಕ್ಲಾಸಿಗೆ ಹೋದ ಮೇಲೆ ಹಾಸಿಗೆ ಒಣಗಿಸಬೇಕಿತ್ತು ಅವನಿಗೆ.

ಅವನ ಮುಖ ನೋಡಲಿಲ್ಲ. ಬ್ಯಾಂಡೇಜ್ ಸುತ್ತುತ್ತಾ ಹೇಳಿದೆ: ‘ಈ ರೂಮಿನ ಹಿಂದೆ ಹಗ್ಗ ಕಟ್ಟಿದ್ದೀನಿ. ಬೆಡ್‌ಶೀಟ್ ಒಣಗಿಸೋರು ಒಣಗಿಸ್ಬಹುದು. ಆ ಕಡೆ ಯಾರೂ ಬರಲ್ಲ.’ ಅವನು ಏನೂ ಅನ್ನಲಿಲ್ಲ. ಹಗ್ಗವನ್ನು ನಾನು ಕಟ್ಟಿದ್ದು ಅವನು ಹೋದ ಮೇಲೆ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಬೆಡ್‌ಶೀಟ್ ನೇತಾಡುತ್ತಿತ್ತು. ಆಮೇಲೆ ಅವನೇ ಬಾಯಿಬಿಟ್ಟ. ಮನೆಯವರಿಗೆ ಫೋನ್ ಮಾಡಿ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸಿದೆ. ತೊಂದರೆ ಏನೂ ಇರಲಿಲ್ಲ. ನೀರು ಹಗಲಲ್ಲೇ ಜಾಸ್ತಿ ಕುಡಿ, ಮಲಗುವ ಮುಂಚೆ ಮೂತ್ರಕ್ಕೆ ಹೋಗು ಅಂದೆ. ವಾರ್ಡನ್‌ಗೆ ಹೇಳಿದ್ದು ಒಂದೇ ಮಾತು: ಬೈಯಬೇಡಿ. ‘ಏನಂತೆ ಅವನಿಗೆ?’ ಅಂತ ಸ್ಟಾಫ್‌ರೂಮಲ್ಲಿ ಕೇಳಿದವರಿಗೆ ‘ನೋಡ್ಕೋತಿದ್ದೀನಿ ಸರ್’ ಅಂದು ಸುಮ್ಮನಾದೆ.

ಹಾಗಂತ ಎಲ್ಲವನ್ನೂ ಗುಟ್ಟಾಗಿ ಇಡಲು ಆಗಲ್ಲ. ‘ಯಾರಿಗೂ ಹೇಳ್ಬೇಡಿ ಸಿಸ್ಟರ್’ ಅಂದರೆ ನಾನು ಆಣೆ ಮಾಡುವುದಿಲ್ಲ. ಯಾರಾದರೂ ಮಗುವನ್ನು ಕೆಟ್ಟದಾಗಿ ಮುಟ್ಟಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ‘ನಿನಗೆ ನೋವಾಗೋ ವಿಷಯ ಆದ್ರೆ ಹೇಳ್ಬೇಕಾದವರಿಗೆ ಹೇಳ್ತೀನಿ, ಆದ್ರೆ ನಿನ್ನ ಜೊತೆಗೇ ಇರ್ತೀನಿ’ ಅನ್ನುತ್ತೇನೆ. ಇಷ್ಟು ಹೇಳಿದ ಮೇಲೂ ಮಕ್ಕಳು ಮಾತು ನಿಲ್ಲಿಸಿದ್ದು ಕಡಿಮೆ.

ದಸರಾ ರಜೆ ಮುಗಿಸಿ ಬಂದ ಮೇಲೆ ಹುಡುಗನ ಬೆಡ್‌ಶೀಟ್ ಹಗ್ಗಕ್ಕೆ ಬರುವುದು ಅಪರೂಪವಾಯಿತು. ಕಳೆದ ವಾರ ನೋಡಿದರೆ ಅಲ್ಲಿ ಎರಡು ನೇತಾಡುತ್ತಿದ್ದವು. ಇನ್ನೊಂದು ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ.