ಹಳೇ ಟಿಟಿಯನ್ನು (ಟೆಂಪೋ ಟ್ರಾವೆಲರ್) ಮಲಗುವ ಗಾಡಿ ಮಾಡಿಕೊಂಡು ಕೆಲಸಕ್ಕೆ ಊರೂರು ಹೋಗುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಮರದ ಸೀಲಿಂಗು, ಸೀರಿಯಲ್ ಸೆಟ್ ಲೈಟು, ಹಿಂದಿನ ಬಾಗಿಲು ತೆಗೆದರೆ ಬೆಟ್ಟ ಕಾಣುವ ಹಾಸಿಗೆ, ಅವೆಲ್ಲ ಇಲ್ಲಿ ಸಿಗುವುದಿಲ್ಲ. ನನ್ನದು ಸಕ್ಕರೆ ಫ್ಯಾಕ್ಟರಿಗಳ ಕಂಟ್ರೋಲ್ ಪ್ಯಾನೆಲ್, ಸೆನ್ಸರ್ ರಿಪೇರಿ ಕೆಲಸ. ನಮ್ಮ ಮಂಡ್ಯದ ಕಡೆ ಜೂನ್-ಜುಲೈ ಹೊತ್ತಿಗೆ ಕಬ್ಬು ಅರೆಯಲು ಶುರು ಮಾಡುತ್ತಾರೆ. ಬೆಳಗಾವಿ, ಕೊಲ್ಲಾಪುರ, ಉತ್ತರ ಪ್ರದೇಶದ ಕಡೆ ಅಕ್ಟೋಬರ್-ನವೆಂಬರ್ ಆಗುತ್ತದೆ. ಅರೆಯುವ ಮುಂಚೆ ಎಲ್ಲ ಕಡೆ ಮೆಷಿನ್ ಬಿಚ್ಚಿ ರಿಪೇರಿ ಮಾಡುವ ಓವರ್‌ಹಾಲ್. ಹಾಗಾಗಿ ವರ್ಷದ ಬಹುಪಾಲು ಎಲ್ಲೋ ಒಂದು ಕಡೆ ಕೆಲಸ ಇದ್ದೇ ಇರುತ್ತದೆ, ಆದರೆ ಈ ಫ್ಯಾಕ್ಟರಿಗಳು ಊರಾಚೆ ಇರುತ್ತವೆ, ಹತ್ತಿರದಲ್ಲಿ ಲಾಡ್ಜ್ ಇರುವುದಿಲ್ಲ, ಇದ್ದರೂ ಟೂಲ್ಸ್ ಪೆಟ್ಟಿಗೆಗಳನ್ನು ಎರಡನೇ ಮಹಡಿಗೆ ಹತ್ತಿಸಿ ಇಳಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಅದಕ್ಕೇ ಈ ಗಾಡಿ. ಇದೇ ತರ ಸರ್ವೀಸ್ ಕೆಲಸಕ್ಕೋ, ಮೇಳಗಳಲ್ಲಿ ಅಂಗಡಿ ಹಾಕುವುದಕ್ಕೋ, ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡುವ ಕೆಲಸಕ್ಕೋ ಓಡಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಒಂದು ಮಾತು ಮಾತ್ರ ನೆನಪಿರಲಿ. ಗಾಡಿಯ ನೆಲದ ಮೇಲೆ ಒಂದು ರೂಪಾಯಿ ಹಾಕುವ ಮೊದಲು ನೆಲದ ಕೆಳಗೆ ಎರಡು ರೂಪಾಯಿ ಹಾಕಿ. ಅಂದರೆ ಮಂಚ, ಡ್ರಾಯರಿಗಿಂತ ಮೊದಲು ಎಂಜಿನ್, ಬ್ರೇಕು, ಬಾಡಿ.

ಯಾವ ಗಾಡಿ? ನನ್ನ ಪ್ರಕಾರ ಟೆಂಪೋ ಟ್ರಾವೆಲರ್. ಫೋರ್ಸ್ ಕಂಪನಿಯದ್ದು, 2005ಕ್ಕೆ ಮುಂಚೆ ಅದರ ಹೆಸರು ಬಜಾಜ್ ಟೆಂಪೋ. ಯಾವ ಊರಿಗೆ ಹೋದರೂ ಪಾರ್ಟ್ಸ್ ಸಿಗುತ್ತದೆ, ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 3050, 3350, 3700, 4020 ಮಿಲಿಮೀಟರ್ ಅಂತ ಬರುತ್ತವೆ. ಒಬ್ಬರೋ ಇಬ್ಬರೋ ಹೋಗುವುದಾದರೆ 3350 ಸಾಕು. 4020ರಲ್ಲಿ ಜಾಗ ಜಾಸ್ತಿ, ಆದರೆ ಹಳ್ಳಿ ರಸ್ತೆಯಲ್ಲಿ ಎದುರಿಗೆ ಕಬ್ಬಿನ ಟ್ರಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಬಂದಾಗ ಹಿಂದೆ ತಗೊಳ್ಳುವುದು ಯಾರು?

ಮೈಸೂರಿನಲ್ಲಿ ಹಳೇ ಟಿಟಿಗೆ ಬರವಿಲ್ಲ. ಊಟಿ, ಕೊಡಗು ಟ್ರಿಪ್ ಹೊಡೆದ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಘಾಟಿ ಹತ್ತಿಳಿದ ಗಾಡಿ ಅಂದರೆ ಕ್ಲಚ್ಚು, ಬ್ರೇಕ್ ಡ್ರಮ್ಮು ಸವೆದಿರುತ್ತವೆ ಅಂತಲೇ ಲೆಕ್ಕ ಹಾಕಿ, ಬೆಲೆಯಲ್ಲಿ ಕಳೆಯಿರಿ. ಸ್ಕೂಲ್ ಗಾಡಿಗಳು ಓಡಿರುವುದು ಕಡಿಮೆ, ಆದರೆ ನಿಂತು ನಿಂತು ತುಕ್ಕು ಹಿಡಿದಿರುತ್ತವೆ. ನಾನಾದರೆ ಟ್ರಿಪ್ ಗಾಡಿಯನ್ನೇ ಆರಿಸುತ್ತೇನೆ. ಕ್ಲಚ್ ಬದಲಾಯಿಸಬಹುದು, ಕೊಳೆತ ಬಾಡಿ ಬದಲಾಯಿಸಲು ಆಗಲ್ಲ.

ನೋಡಲು ಹೋಗುವಾಗ ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆದು ನೋಡಿ. ಒಳಗಿಂದ ಹೊಗೆ ಪುಸಪುಸ ಅಂತ ನುಗ್ಗಿದರೆ ಪಿಸ್ಟನ್ ರಿಂಗು ಹೋಗಿವೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಜೊತೆಗೆ ರೇಡಿಯೇಟರ್ ನೀರು ಕಡಿಮೆ ಆಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ನೋಡಿಸಿ. ಒಂದು ಸ್ಕ್ರೂ ಡ್ರೈವರ್ ಜೇಬಿನಲ್ಲಿರಲಿ. ನೆಲದ ಕೆಳಗೆ, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ರಬ್ಬರ್ ಸುತ್ತ, ಮೇಲಿನ ನೀರು ಹರಿಯುವ ಅಂಚು, ಇಲ್ಲೆಲ್ಲ ಚುಚ್ಚಿ ನೋಡಿ. ಹೊಸ ಪೇಂಟ್ ಹೊಳೆಯುತ್ತಿದೆ ಅಂತ ಖುಷಿ ಪಡಬೇಡಿ, ಪುಟ್ಟಿಯ ಕೆಳಗೆ ಏನಿದೆ ಅಂತ ಸ್ಕ್ರೂ ಡ್ರೈವರ್‌ಗೆ ಮಾತ್ರ ಗೊತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಬಟನ್ ಎಷ್ಟೇ ಉಳಿದಿರಲಿ, ಆರು ವರ್ಷ ದಾಟಿದ ಟೈರ್ ಹಾಕಿಕೊಂಡು ದೂರದ ದಾರಿಗೆ ಹೋಗುವುದು ಬೇಡ.

ಈಗ ಕಾಗದ. ಎಲ್ಲರೂ ಬೇಸರದಿಂದ ಹಾರಿಸುವ ಭಾಗ, ಆಮೇಲೆ ಅಳುವ ಭಾಗವೂ ಇದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿ ಇರುವುದಕ್ಕೂ ವ್ಯತ್ಯಾಸ ಬರುವಂತೆ ಸುಮ್ನೆ ಬದಲಾಯಿಸುವ ಹಾಗಿಲ್ಲ. ಸೀಟು ತೆಗೆದು ಮಂಚ ಹಾಕಿದರೂ ಅದು ಬದಲಾವಣೆಯೇ. ಮೋಟಾರ್ ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಎನ್ನುವ ಬೇರೆ ಮಾನದಂಡ ಇದೆ. ಆದ್ದರಿಂದ ಗರಗಸ ಹಿಡಿಯುವ ಮೊದಲು ನಿಮ್ಮ ಆರ್‌ಟಿಓಗೆ ಹೋಗಿ, ಕೆಎ-11 ಆದರೆ ಮಂಡ್ಯ, ಕೆಎ-09 ಆದರೆ ಮೈಸೂರು ಪಶ್ಚಿಮ, ಕೆಎ-55 ಆದರೆ ಮೈಸೂರು ಪೂರ್ವ. ಒಂದು ನಕ್ಷೆ ಬರೆದುಕೊಂಡು ಹೋಗಿ ತೋರಿಸಿ, ಬರವಣಿಗೆಯಲ್ಲಿ ಅನುಮತಿ ಕೇಳಿ. ಬಾಯಿಮಾತಿನಲ್ಲಿ 'ಏನೂ ಆಗಲ್ಲ ಬಿಡಿ ಸಾರ್' ಅಂದದ್ದು ಝಾನ್ಸಿ ಚೆಕ್‌ಪೋಸ್ಟಲ್ಲಿ ಕೆಲಸಕ್ಕೆ ಬರಲ್ಲ. ಬದಲಾವಣೆ ಆದ ಮೇಲೆ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿನಲ್ಲಿ ಅದೇ ನೆಪ ಆಗುತ್ತದೆ.

ಹಳದಿ ಬೋರ್ಡ್ ಗಾಡಿ ತಗೊಂಡರೆ ಪರ್ಮಿಟ್ ಸರೆಂಡರ್, ಟ್ಯಾಕ್ಸ್ ಬಾಕಿ, ಸಾಲದ ಎನ್‌ಓಸಿ ಎಲ್ಲ ಮುಗಿಸಿ ಬಿಳಿ ಬೋರ್ಡಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಹಳದಿಯಲ್ಲೇ ಇಟ್ಟರೆ ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ರಾಜ್ಯ ದಾಟಿದಾಗೆಲ್ಲ ಪರ್ಮಿಟ್ ಪ್ರಶ್ನೆ ಬೇರೆ. ಬಿಳಿ ಬೋರ್ಡಿಗೆ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. ಲೈಸೆನ್ಸ್ ವಿಷಯದಲ್ಲಿ ತಲೆನೋವು ಕಡಿಮೆ. ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು 7500 ಕೆಜಿ ಒಳಗಿನ ಗಾಡಿಯನ್ನು, ಅದು ಹಳದಿ ಬೋರ್ಡಾದರೂ, ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಉತ್ತರದ ಕಡೆ ಹೋಗುವವರಿಗೆ ಇನ್ನೊಂದು ಮುಖ್ಯ ವಿಷಯ. ದೆಹಲಿ ಮತ್ತು ಎನ್‌ಸಿಆರ್‌ನಲ್ಲಿ ಹತ್ತು ವರ್ಷ ದಾಟಿದ ಹಳೇ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಹಾಕಿದ್ದಾರೆ, ಯಾವ ಗಾಡಿಗೆ ಅನ್ವಯ ಅನ್ನುವ ಕೋರ್ಟ್ ಆದೇಶಗಳು ಆಗಾಗ ಬದಲಾಗುತ್ತಲೂ ಇವೆ. ಎನ್‌ಸಿಆರ್ ಅಂದರೆ ದೆಹಲಿ, ನೋಯ್ಡಾ ಅಷ್ಟೇ ಅಲ್ಲ. ಮೀರತ್, ಮುಜಫ್ಫರ್‌ನಗರ ಕೂಡ ಅದರೊಳಗೆ ಬರುತ್ತವೆ, ಕಬ್ಬಿನ ಫ್ಯಾಕ್ಟರಿಗಳು ಕಿಕ್ಕಿರಿದಿರುವುದೂ ಆ ಕಡೆಯೇ. ಹೊರಡುವ ವಾರದಲ್ಲಿ ನಿಯಮ ಏನಿದೆ ಅಂತ ನೋಡಿಕೊಂಡೇ ಕೆಲಸ ಒಪ್ಪಿಕೊಳ್ಳಿ.

ಇನ್ನು ರಿಪೇರಿ. ಗ್ಯಾರೇಜಿಗೆ ಬಿಡುವಾಗ ಪಟ್ಟಿ ಬರೆದುಕೊಡಿ. ಬ್ರೇಕ್ ಲೈನರ್, ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಕಿಟ್, ಹಬ್ ಬೇರಿಂಗ್, ರೇಡಿಯೇಟರ್ ಪೈಪ್‌ಗಳು, ಫ್ಯಾನ್ ಬೆಲ್ಟು, ಹಿಂದಿನ ಪಟ್ಟಾಗಳು (ಲೀಫ್ ಸ್ಪ್ರಿಂಗ್). ತುಕ್ಕು ಹಿಡಿದ ಕಡೆ ಪುಟ್ಟಿ ಮೆತ್ತಲು ಬಿಡಬೇಡಿ. ಕೊಳೆತ ತಗಡು ಕತ್ತರಿಸಿ ತೆಗೆದು, ಹೊಸ ತಗಡು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಹೊಡೆದು, ಅಡಿಗೆ ಅಂಡರ್ ಕೋಟಿಂಗ್ ಮಾಡಿಸಿ. ಟಿಂಕರಿಂಗ್‌ನವರು ವೆಲ್ಡಿಂಗ್ ಶುರು ಮಾಡುವ ಮುಂಚೆ ಬ್ಯಾಟರಿ ಟರ್ಮಿನಲ್ ಬಿಚ್ಚಿಸಿ, ಹೊಸ ಗಾಡಿಗಳಲ್ಲಿ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಎಂ, ಸುಟ್ಟರೆ ಕಷ್ಟ. ಮೈಸೂರಿನ ಬನ್ನಿಮಂಟಪದ ಕಡೆ ಇಂಥ ಕೆಲಸದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಗಾಡಿ ಮಾಡಿದ ಹುಡುಗ ಮೊದಲ ದಿನ ಒಳಗೆ ಇಣುಕಿ, "ಏನ್ ಸಾರ್, ಮನೆ ಬುಟ್ಟು ಗಾಡೀಲಿ ಮಲಗ್ತೀರಾ?" ಅಂದ. ಆಮೇಲೆ ಟೂಲ್ಸ್ ಡ್ರಾಯರ್ ನೋಡಿ ತನಗೂ ಅಂಥದ್ದೇ ಬೇಕು ಅಂದ.

ಒಳಗಿನ ಕೆಲಸಕ್ಕೆ ಕಾರ್ಪೆಂಟರ್ ಕರೆದರೆ ಅವರು ಮನೆ ವಾರ್ಡ್‌ರೋಬ್ ಲೆಕ್ಕದಲ್ಲಿ 18 ಎಂಎಂ ಪ್ಲೈವುಡ್ ಹೇಳುತ್ತಾರೆ. ಬೇಡ. ಒಂದು ಇಂಚಿನ ಸ್ಕ್ವೇರ್ ಟ್ಯೂಬ್ ಫ್ರೇಮ್ ಮಾಡಿಸಿ, ಮೇಲೆ 12 ಎಂಎಂ ಪ್ಲೈ ಹಾಕಿ. ಐಎಸ್ 710 ಗುರುತಿರುವ ಮರೀನ್ ಪ್ಲೈ ಆದರೆ ತೇವಕ್ಕೆ ಉಬ್ಬುವುದಿಲ್ಲ. ಫ್ರೇಮನ್ನು ತಗಡಿಗೆ ಸ್ಕ್ರೂ ಹೊಡೆಯಬೇಡಿ, ನೆಲದ ಕೆಳಗಿನ ಅಡ್ಡಪಟ್ಟಿಗೆ ಬೋಲ್ಟ್ ಹಾಕಿ, ಬಿಚ್ಚಿ ತೆಗೆಯುವಂತಿರಲಿ. ಮಂಚ ಉದ್ದಕ್ಕೆ, ಅದರ ಕೆಳಗೆ ಟೂಲ್ಸ್ ಡ್ರಾಯರ್, ಭಾರದ ಸಾಮಾನು ಎರಡು ಆಕ್ಸಲ್ ನಡುವೆ ಮತ್ತು ಆದಷ್ಟು ಕೆಳಗೆ. ಎಲ್ಲ ತುಂಬಿಸಿದ ಮೇಲೆ ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ. ಮಂಡ್ಯ ಜಿಲ್ಲೆಯಲ್ಲಿ ವೇಬ್ರಿಡ್ಜ್ ಹುಡುಕಬೇಕಾಗಿಲ್ಲ, ಅಲ್ವಾ? ಮುಂದಿನ ಚಕ್ರ ಒಂದು ಸಲ, ಹಿಂದಿನ ಚಕ್ರ ಒಂದು ಸಲ, ಪೂರ್ತಿ ಗಾಡಿ ಒಂದು ಸಲ ತೂಗಿಸಿ, ಆರ್‌ಸಿಯಲ್ಲಿರುವ ಒಟ್ಟು ತೂಕದ ಒಳಗೆ ಇದೆಯಾ ನೋಡಿ.

ಸೆಕೆ ವಿಷಯ ಮೈಸೂರಿನಲ್ಲಿ ಕೂತು ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ನಾಗಪುರ ದಾಟುವಾಗ ಗೊತ್ತಾಗುತ್ತದೆ. ಮೇಲಿನ ತಗಡಿಗೆ ಹೊರಗಡೆ ಬಿಳಿ ಕೂಲ್ ರೂಫ್ ಪೇಂಟ್, ಒಳಗಡೆ ಬಿಸಿ ತಡೆಯುವ 25 ಎಂಎಂ ಎಕ್ಸ್‌ಪಿಎಸ್ ಫೋಮ್ ಶೀಟು, ಗಾಜುಗಳಿಗೆ ಸನ್‌ಶೇಡು, ಮೇಲೊಂದು ಗಾಳಿ ಎಳೆಯುವ ಫ್ಯಾನು. ಎಸಿ ಆಸೆ ಬಿಡಿ, ಯಾಕೆ ಅಂತ ಕರೆಂಟಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. ಲ್ಯಾಪ್‌ಟಾಪ್ 60 ವ್ಯಾಟ್, ಎಂಟು ಗಂಟೆ, 480. ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್, ಹತ್ತು ಗಂಟೆ, 300. ರೂಟರ್ 10 ವ್ಯಾಟ್, ಹನ್ನೆರಡು ಗಂಟೆ, 120. ಲೈಟು, ಫೋನ್ ಚಾರ್ಜು ಸೇರಿ ಇನ್ನೊಂದು 100. ಒಟ್ಟು ದಿನಕ್ಕೆ ಸುಮಾರು 1000 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್. ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ಇದ್ದರೂ ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಸಾಯುತ್ತದೆ, ಅದಕ್ಕೆ 900 ಅಂತಲೇ ಹಿಡಿಯಿರಿ. ಮೇಲಾಗಿ ಅದು 50 ಕೆಜಿಗೂ ಜಾಸ್ತಿ ಭಾರ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್ ಅವರ್, ಹೆಚ್ಚು ಕಡಿಮೆ ಅಷ್ಟನ್ನೂ ಬಳಸಬಹುದು, ಭಾರ ಹನ್ನೆರಡು ಕೆಜಿ ಆಸುಪಾಸು. ದುಬಾರಿ, ಆದರೆ ನಾನು ಇದಕ್ಕೇ ಓಟು ಹಾಕುತ್ತೇನೆ. ಮೇಲೆ 400 ವ್ಯಾಟ್ ಸೋಲಾರ್ ಹಾಕಿದರೆ ಒಳ್ಳೆಯ ಬಿಸಿಲಿನ ದಿನ ಒಂದು ಯೂನಿಟ್ ಆರಾಮವಾಗಿ ಬರುತ್ತದೆ, ಆಷಾಢದ ಮೋಡಕ್ಕೆ ಅರ್ಧವೂ ಬರಲ್ಲ. ಅದಕ್ಕೆ ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್‌ನಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ತುಂಬಿಸುವ ವ್ಯವಸ್ಥೆಯೂ ಇರಲಿ. ಗಾಡಿಯ ಬ್ಯಾಟರಿಗೆ ನೇರ ಜೋಡಿಸಬೇಡಿ, ಬೆಳಗ್ಗೆ ಸೆಲ್ಫ್ ಎತ್ತಲ್ಲ.

ವೈರಿಂಗಿನಲ್ಲಿ ಕಂಜೂಸ್‌ತನ ಬೇಡ. 12 ವೋಲ್ಟಿನಲ್ಲಿ 1000 ವ್ಯಾಟ್ ಇನ್ವರ್ಟರ್ ಪೂರ್ತಿ ಓಡಿದರೆ 90 ಆಂಪಿಯರ್ ಹತ್ತಿರ ಎಳೆಯುತ್ತದೆ. ಮನೆ ವೈರ್ ಹಾಕಿದರೆ ಬೆಂಕಿಯೇ ಗತಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಇನ್ವರ್ಟರ್ ಪ್ಯೂರ್ ಸೈನ್ ಆಗಿರಲಿ. ಫ್ಯಾಕ್ಟರಿಯಲ್ಲಿ ಅವರ ಪ್ಲಗ್ಗಿನಿಂದ ಕರೆಂಟ್ ತಗೊಳ್ಳುವುದಾದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಗಾಡಿಯಲ್ಲಿ ಇರಬೇಕು. ಓವರ್‌ಹಾಲ್ ಹೊತ್ತಿನಲ್ಲಿ ಯಾರು ಎಲ್ಲಿ ಅರ್ಥ್ ಬಿಚ್ಚಿರುತ್ತಾರೋ, ಗಾಡಿಯ ಬಾಡಿ ಪೂರ್ತಿ ಕಬ್ಬಿಣ. ಒಂದು ಎಬಿಸಿ ಫೈರ್ ಎಕ್ಸ್‌ಟಿಂಗ್ವಿಷರ್ ಬಾಗಿಲ ಹತ್ತಿರವೇ ಇರಲಿ, ಮಂಚದ ಕೆಳಗೆ ಅಲ್ಲ.

ಅಡುಗೆಗೆ 5 ಕೆಜಿ ಸಣ್ಣ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ, ಅದಕ್ಕೆ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಗಾಡಿ ಹೊರಟಾಗ ರೆಗ್ಯುಲೇಟರ್ ಬಂದ್. ನೀರಿಗೆ 20 ಲೀಟರಿನ ಎರಡು ಕ್ಯಾನು. ಟಾಯ್ಲೆಟ್ ಹಾಕಲೇ ಇಲ್ಲ, ಫ್ಯಾಕ್ಟರಿಯಲ್ಲೂ ಪೆಟ್ರೋಲ್ ಬಂಕಿನಲ್ಲೂ ಇರುತ್ತದೆ.

ದೂರ ಹೊರಡುವ ಮುಂಚೆ ಪೂರ್ತಿ ಲೋಡ್ ಹಾಕಿಕೊಂಡು ಒಂದು ಸಲ ಚಾಮುಂಡಿ ಬೆಟ್ಟ ಹತ್ತಿಸಿ, ಮಂಡ್ಯದವರು ಮೇಲುಕೋಟೆ ಹತ್ತಿಸಿ. ಏರುವಾಗ ಟೆಂಪರೇಚರ್ ಮುಳ್ಳು ನೋಡಿ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಕೆಳಗೆ ಬಂದು ನಾಲ್ಕೂ ಚಕ್ರದ ಹತ್ತಿರ ಮೂಗು ಹಿಡಿದು ನೋಡಿ. ಒಂದೇ ಚಕ್ರ ಸುಟ್ಟ ವಾಸನೆ ಬಂದರೆ ಆ ಬ್ರೇಕ್ ಹಿಡಿದುಕೊಂಡಿದೆ. ಇಲ್ಲಿ ಗೊತ್ತಾದರೆ ಬನ್ನಿಮಂಟಪಕ್ಕೆ ವಾಪಸ್ಸು, ಸತಾರಾ ದಾಟಿ ಖಂಬಟ್ಕಿ ಘಾಟಿನಲ್ಲಿ ಗೊತ್ತಾದರೆ ದೇವರೇ ಗತಿ.

ದಾರಿ. ಬೆಳಗಾವಿ, ಪುಣೆ ಕಡೆಗೆ ಬೆಂಗಳೂರು ಮುಟ್ಟಬೇಕಾಗಿಲ್ಲ. ಶ್ರೀರಂಗಪಟ್ಟಣದಿಂದ ನಾಗಮಂಗಲ, ಬೆಳ್ಳೂರು ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು ಮೇಲೆ ಹಿರಿಯೂರಿಗೆ ಹೋಗಿ ಎನ್‌ಎಚ್-48 ಹಿಡಿಯಬಹುದು. ಇದು ಎನ್‌ಎಚ್-150ಎ. ಉತ್ತರ ಪ್ರದೇಶಕ್ಕಾದರೆ ಬೆಂಗಳೂರಿನಿಂದ ಎನ್‌ಎಚ್-44, ಹೈದರಾಬಾದ್, ನಾಗಪುರ, ಝಾನ್ಸಿ ಮೇಲೆ. ಊಟಿ, ಸುಲ್ತಾನ್ ಬತ್ತೇರಿ ಕಡೆ ಕೆಲಸ ಇದ್ದರೆ ಬಂಡೀಪುರ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಸತ್ಯಮಂಗಲದ ದಿಂಬಂ ಘಾಟಿಯಲ್ಲೂ ರಾತ್ರಿ ನಿರ್ಬಂಧ ಇದೆ. ಸೋಲಾರ್ ಸೇರಿ ಗಾಡಿಯ ಪೂರ್ತಿ ಎತ್ತರ ಅಳೆದು ಸ್ಟೀರಿಂಗ್ ಹತ್ತಿರ ಬರೆದು ಅಂಟಿಸಿ, ರೈಲ್ವೆ ಅಂಡರ್‌ಪಾಸ್ ಎದುರಿಗೆ ಬಂದಾಗ ನೆನಪಾಗಲ್ಲ.

ರಾತ್ರಿ ನಿಲ್ಲಿಸಲು ಫ್ಯಾಕ್ಟರಿಯ ಕೇನ್ ಯಾರ್ಡ್, ಅಂದರೆ ಕಬ್ಬಿನ ಗಾಡಿಗಳು ನಿಲ್ಲುವ ಜಾಗ, ಕೇಳಿ ನೋಡಿ. ಸೀಸನ್ ಇಲ್ಲದಾಗ ಖಾಲಿ ಇರುತ್ತದೆ, ಗೇಟಲ್ಲಿ ಸೆಕ್ಯೂರಿಟಿ ಇರುತ್ತಾರೆ. ದಾರಿಯಲ್ಲಾದರೆ ಲಾರಿಗಳು ನಿಂತಿರುವ ದೊಡ್ಡ ಬಂಕ್, ಡೀಸೆಲ್ ಹಾಕಿಸಿಕೊಂಡು ಮ್ಯಾನೇಜರ್‌ಗೆ ಹೇಳಿ ನಿಲ್ಲಿಸಿ. ಟೂಲ್ಸ್ ಪಟ್ಟಿಯನ್ನು ಸೀರಿಯಲ್ ನಂಬರ್ ಸಮೇತ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದಿಟ್ಟುಕೊಳ್ಳಿ, ಜೊತೆಗೆ ಕೆಲಸ ಕೊಟ್ಟ ಫ್ಯಾಕ್ಟರಿಯ ಪತ್ರ. ದಾರಿಯಲ್ಲಿ ಕೇಳಿದವರಿಗೆ ತೋರಿಸಲು ಇಷ್ಟು ಇದ್ದರೆ ಮಾತು ಬೇಗ ಮುಗಿಯುತ್ತದೆ. ಸಿಮ್ ಎರಡು ಇರಲಿ, ಬೇರೆ ಬೇರೆ ಕಂಪನಿಯವು.

ವಾಪಸ್ಸು ಬಂದು ಗಾಡಿ ನಿಲ್ಲಿಸುವಾಗ ಎರಡೂ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ತಿನ್ನುವ ಪದಾರ್ಥ ಒಂದು ಚೂರೂ ಬಿಡಬೇಡಿ. ಗದ್ದೆ ಪಕ್ಕದ ಮನೆಯಾದರೆ ಇಲಿ ಬಂದೇ ಬರುತ್ತದೆ, ಮೊದಲು ಕಡಿಯುವುದು ವೈರನ್ನೇ, ಅದಕ್ಕೆ ಒಳಗಿನ ವೈರಿಂಗ್ ಎಲ್ಲ ಪೈಪಿನೊಳಗೆ ಹಾಕಿಸಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ಹಾಗೇ ಬ್ಯಾಟರಿ ಮತ್ತೆ ಜೋಡಿಸಿ ಒಂದು ರೌಂಡ್ ಓಡಿಸಿ ಬನ್ನಿ.