ಮೊದಲು ಕೊಟ್ಟಿಗೆ, ಆಮೇಲೆ ಉಳಿದಿದ್ದು: ಅಪ್ಪ ಅಮ್ಮನ ಜೊತೆ ಮಿನ್ನೆಸೋಟ ಸ್ಟೇಟ್ ಫೇರ್

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ಮೇಳ, ಅಂದರೆ ಮಿನ್ನೆಸೋಟ ಸ್ಟೇಟ್ ಫೇರ್‌ಗೆ ಮನೆಮಂದಿಯನ್ನೆಲ್ಲ ಕರ್ಕೊಂಡು ಹೋಗುವವರಿಗೆ ನಾನು ಹೇಳೋದು ಒಂದೇ. ಗೇಟು ದಾಟಿದ ಕೂಡಲೇ ತಿಂಡಿ ಅಂಗಡಿಗಳ ಕಡೆ ತಿರುಗಬೇಡಿ. ನೇರವಾಗಿ ದನದ ಕೊಟ್ಟಿಗೆಗೆ ನಡೆಯಿರಿ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ಬೇರೆ ಯೋಚನೆಯೇ ಬೇಡ.

ಇಲ್ಲಿ ಇರುವವರಿಗೆ ಫೇರ್ ಅಂದರೆ ಕಡ್ಡಿಗೆ ಚುಚ್ಚಿದ ತಿಂಡಿ, ಜಯಂಟ್ ವೀಲ್, ಜನ. ಆಫೀಸಿನಲ್ಲಿ ಕೇಳಿದರೆ 'ಈ ಸಲ ಏನು ತಿಂದ್ರಿ' ಅನ್ನೋದೇ ಮೊದಲ ಪ್ರಶ್ನೆ. ಆದರೆ ಇದು ಹುಟ್ಟಿದ್ದು ರೈತರ ಮೇಳವಾಗಿ. ಮಿನ್ನೆಸೋಟ ರಾಜ್ಯವಾದದ್ದು 1858ರಲ್ಲಿ, ಮರುವರ್ಷವೇ ಮೊದಲ ಸ್ಟೇಟ್ ಫೇರ್ ಆಯಿತು. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಡುವಿನ ಈಗಿನ ಜಾಗಕ್ಕೆ ಬಂದಿದ್ದು 1885ರಲ್ಲಿ. ಒಟ್ಟು 322 ಎಕರೆ. ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆಯವರೆಗೆ 12 ದಿನ ನಡೆಯುತ್ತದೆ. 1946ರಲ್ಲಿ ಪೋಲಿಯೊ, 2020ರಲ್ಲಿ ಕೊರೊನಾ ಅಂತ ನಿಂತಿದ್ದು ಬಿಟ್ಟರೆ 1946ರಿಂದ ಈಚೆಗೆ ತಪ್ಪಿದ್ದೇ ಇಲ್ಲ.

ನಮ್ಮದು ಕೆ.ಆರ್.ಪೇಟೆ ಕಡೆ. ಅಪ್ಪ ಹೇಮಗಿರಿ ದನದ ಜಾತ್ರೆಯಲ್ಲಿ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಕೊಂಡವರು, ಮಾರಿದವರು. ಅಂಥವರನ್ನು ಕರ್ಕೊಂಡು ಬಂದು ಸುಮ್ನೆ ಜನಜಂಗುಳಿಯಲ್ಲಿ ಸುತ್ತಿಸಿದರೆ ಅರ್ಧ ಗಂಟೆಗೆ 'ಮನೆಗೆ ಹೋಗುವಾ' ಅಂತಾರೆ.

ಫೇರ್ ಗೇಟಿನವರೆಗೆ ಕಾರು ತರುವ ಗೋಜಿಗೆ ನಾವು ಹೋಗಲ್ಲ. ಊರಿನ ಸುತ್ತಮುತ್ತ ಅಲ್ಲಲ್ಲಿ ಪಾರ್ಕ್ ಅಂಡ್ ರೈಡ್ ಜಾಗಗಳಿವೆ. ಅಲ್ಲಿ ಕಾರು ಬಿಟ್ಟರೆ ಬಸ್ಸು ಪುಕ್ಕಟೆ. ವಾರದ ದಿನ ರಜೆ ಹಾಕಿ, ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೇ ಅಲ್ಲಿರುತ್ತೇವೆ. ಟಿಕೆಟ್ ಮುಂಚೆಯೇ ಕೊಂಡರೆ ಕಡಿಮೆ ಬೀಳುತ್ತದೆ. ಹಿರಿಯರಿಗೂ ಕಡಿಮೆ, ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ಹೊರಗಿನ ಊಟ ಒಳಗೆ ಬಿಡುತ್ತಾರೆ, ಬ್ಯಾಗ್ ತೆಗೆದು ನೋಡುತ್ತಾರೆ ಅಷ್ಟೆ. ಅಮ್ಮ ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡಿದ್ದರು. 'ಎಲ್ಲಾ ಅಲ್ಲೇ ಸಿಗುತ್ತಮ್ಮ' ಅಂದೆ. 'ಸಿಕ್ಕಲಿ ಬಿಡು, ಇದೂ ಇರಲಿ' ಅಂದರು.

ಬೆಳಗಿನ ಹೊತ್ತು ಕೊಟ್ಟಿಗೆಯ ಕಡೆ ನೂಕುನುಗ್ಗಲು ಇರಲ್ಲ. ಅದೇ ಹೊತ್ತಿಗೆ ಅಲ್ಲಿ ಕೆಲಸ ಜೋರು. ಹದಿಮೂರು ಹದಿನಾಲ್ಕು ವರ್ಷದ ಹುಡುಗ ಹುಡುಗಿಯರು ಗಮ್‌ಬೂಟು ಹಾಕಿಕೊಂಡು ಸಗಣಿ ಬಾಚುತ್ತಿರುತ್ತಾರೆ, ಹಸು ತೊಳೆಯುತ್ತಿರುತ್ತಾರೆ. ಇವರಲ್ಲಿ ಜಾಸ್ತಿ ಜನ ಫೋರ್-ಎಚ್ ಅನ್ನುವ ಮಕ್ಕಳ ಸಂಘದವರು. ಬೇಸಿಗೆಯೆಲ್ಲ ತಾವೇ ಸಾಕಿ ಪಳಗಿಸಿದ ಕರು, ಕಡಸುಗಳನ್ನು ಸ್ಪರ್ಧೆಗೆ ತಂದಿರುತ್ತಾರೆ. 12 ದಿನವೂ ಒಂದೇ ಪ್ರಾಣಿಗಳು ಇರಲ್ಲ, ಬದಲಾಗುತ್ತಿರುತ್ತವೆ. ಹಾಗಾಗಿ ಯಾವ ದಿನ ಯಾವುದರ ಸ್ಪರ್ಧೆ ಅಂತ ನೋಡಿಕೊಂಡೇ ರಜೆ ಹಾಕಬೇಕು. ನಾನು ಹಾಲಿನ ಹಸುಗಳ ದಿನ ಆರಿಸಿಕೊಂಡಿದ್ದೆ.

ಒಬ್ಬಳು ಹುಡುಗಿ ಹೋಲ್‌ಸ್ಟೈನ್ ಕಡಸೊಂದಕ್ಕೆ ದೊಡ್ಡ ಬ್ಲೋವರ್ ಹಿಡಿದು ಮೈ ಒಣಗಿಸುತ್ತಿದ್ದಳು. ಆಮೇಲೆ ಬೆನ್ನಿನ ಮೇಲಿನ ಕೂದಲನ್ನು ಬಾಚಿ ನೆಟ್ಟಗೆ ನಿಲ್ಲಿಸಿ, ಮೆಷಿನ್ನಿನಲ್ಲಿ ಮಟ್ಟಸವಾಗಿ ಕತ್ತರಿಸಿದಳು. ಬೆನ್ನು ಗೆರೆ ಎಳೆದ ಹಾಗೆ ನೇರ ಕಾಣಬೇಕಂತೆ. ಅಪ್ಪ ನಿಂತು ನೋಡಿದರು. ಡುಬ್ಬ ಇಲ್ಲದ ಸೀಮೆಹಸು ನಮ್ಮೂರ ಡೈರಿಯಲ್ಲೂ ಕಂಡವರೇ. ಅವರ ಕಣ್ಣು ಮಾತ್ರ ಕೂದಲ ಸುಳಿ ಹುಡುಕುತ್ತಿತ್ತು. ಹಣೆ ಮೇಲೆ ಎಲ್ಲಿದೆ, ಬೆನ್ನ ಮೇಲೆ ಎಲ್ಲಿದೆ ಅಂತ. 'ಹಲ್ಲು ಎಷ್ಟಾಗಿದೆ ಕೇಳವ್ವ' ಅಂದರು, ಹಲ್ಲು ನೋಡಿಯೇ ವಯಸ್ಸು ಹೇಳುವವರು. ಕೇಳಿದೆ. ಆ ಹುಡುಗಿ ನಕ್ಕು ಹುಟ್ಟಿದ ತಾರೀಕನ್ನೇ ಹೇಳಿಬಿಟ್ಟಳು. ಇಲ್ಲಿ ಸ್ಪರ್ಧೆಗೆ ಗುಂಪು ಮಾಡೋದೇ ಹುಟ್ಟಿದ ದಿನದ ಲೆಕ್ಕದಲ್ಲಿ. ಅಪ್ಪನಿಗೆ ಅದು ಅಷ್ಟು ರುಚಿಸಲಿಲ್ಲ. ಬಾಯಿ ತೆಗೆಸಿ ನೋಡದೆ ಅದೇನು ದನ ನೋಡೋದು ಅನ್ನುವ ಮುಖ.

ಸ್ಪರ್ಧೆಯ ಅಖಾಡದಲ್ಲಿ ಮಾತ್ರ ಅಪ್ಪನಿಗೆ ಯಾರ ಅನುವಾದವೂ ಬೇಕಾಗಲಿಲ್ಲ. ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಹಸುಗಳನ್ನು ನಿಧಾನಕ್ಕೆ ಸುತ್ತು ಹಾಕಿಸುತ್ತಾರೆ. ತೀರ್ಪುಗಾರ ನಡುವೆ ನಿಂತು ನಡಿಗೆ ನೋಡುತ್ತಾನೆ, ಹಿಂದೆ ಹೋಗಿ ಕೆಚ್ಚಲು ನೋಡುತ್ತಾನೆ, ಪಕ್ಕೆ ಮುಟ್ಟಿ ನೋಡುತ್ತಾನೆ. ಆಮೇಲೆ ಒಂದೊಂದನ್ನೇ ಸಾಲಿಗೆ ಕರೆದು, ಮೈಕು ಹಿಡಿದು, ಇದು ಯಾಕೆ ಮೊದಲು, ಅದು ಯಾಕೆ ಎರಡನೆಯದು ಅಂತ ಎಲ್ಲರೆದುರು ಕಾರಣ ಹೇಳುತ್ತಾನೆ. ನನಗೆ ಬಹಳ ಹಿಡಿಸಿದ್ದು ಇದೇ. ಸೋತ ಹುಡುಗನಿಗೂ ಯಾಕೆ ಸೋತೆ ಅಂತ ಗೊತ್ತಾಗುತ್ತದೆ. ತೀರ್ಪುಗಾರ ಸಾಲು ಹಿಡಿಸುವ ಮುಂಚೆಯೇ ಅಪ್ಪ ನನ್ನ ಮಗಳ ಕಿವಿಯಲ್ಲಿ 'ಆ ಮೂರನೇದು ನೋಡು, ಹಿಂಗಾಲು ಸರಿಯಿಲ್ಲ' ಅಂದಿದ್ದರು. ಅದು ಕೊನೆಗೇ ಹೋಯಿತು. ಮಗಳು ತಾತನ ಪಕ್ಕ ಬಿಟ್ಟು ಏಳಲಿಲ್ಲ. ಕೂರಲು ಜಾಗ, ನೆರಳು, ಬೇರೆ ದುಡ್ಡೂ ಇಲ್ಲ. ಹಿರಿಯರಿಗೆ ಇದಕ್ಕಿಂತ ಒಳ್ಳೆ ಜಾಗ ಫೇರ್‌ನಲ್ಲಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಲ್ಲೇ ಹತ್ತಿರ ಮಿರಾಕಲ್ ಆಫ್ ಬರ್ತ್ ಸೆಂಟರ್ ಇದೆ. ಹಸು, ಕುರಿ, ಹಂದಿ ಜನರೆದುರೇ ಮರಿ ಹಾಕುತ್ತವೆ. ಪಶುವೈದ್ಯರು ಜೊತೆಯಲ್ಲೇ ಇರುತ್ತಾರೆ. ಒಳಗೆ ಕಾಲಿಡಲು ಜಾಗವಿರಲ್ಲ. 'ಕರು ಹಾಕೋದನ್ನ ನೋಡಕ್ಕೂ ಕ್ಯೂ ನಿಲ್ತಾರಾ?' ಅಂತ ಅಮ್ಮನಿಗೆ ನಗು. ನಮ್ಮ ಮನೆಯಲ್ಲಾದರೆ ಕಣ್ಣು ಬೀಳುತ್ತದೆ ಅಂತ ಹೊರಗಿನವರನ್ನು ಕೊಟ್ಟಿಗೆ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಹಂದಿಗಳ ಕಡೆ ರಾಜ್ಯದ ಅತಿ ದೊಡ್ಡ ಗಂಡುಹಂದಿ ಮಲಗಿರುತ್ತದೆ. ಸಾವಿರ ಪೌಂಡ್ ದಾಟಿದ ದೇಹ. ಅದು ಏಳುತ್ತೇನೋ ಅಂತ ನನ್ನ ಚಿಕ್ಕ ಮಗ ಕಾಯ್ದ, ಅದು ಕಿವಿ ಕೂಡ ಆಡಿಸಲಿಲ್ಲ.

ಡೈರಿ ಬಿಲ್ಡಿಂಗ್‌ಗೆ ಅಮ್ಮನನ್ನು ಕರೆದೊಯ್ದಿದ್ದು ಬೆಣ್ಣೆ ತೋರಿಸಲು. ಡೈರಿ ಕುಟುಂಬಗಳ ಯುವತಿಯರಿಗೆ 'ಪ್ರಿನ್ಸೆಸ್ ಕೇ ಆಫ್ ದ ಮಿಲ್ಕಿ ವೇ' ಅಂತ ಒಂದು ಸ್ಪರ್ಧೆ. ಅಂತಿಮ ಸುತ್ತಿಗೆ ಬಂದ ಒಬ್ಬೊಬ್ಬರ ಮುಖವನ್ನೂ 90 ಪೌಂಡ್ ಬೆಣ್ಣೆಯ ದಿಮ್ಮಿಯಲ್ಲಿ ಕೆತ್ತುತ್ತಾರೆ. ಅಂದರೆ 40 ಕಿಲೋ ಚಿಲ್ಲರೆ. ಗಾಜಿನ ಫ್ರಿಜ್ಜಿನಂಥ ಕೋಣೆ, ಅದು ನಿಧಾನಕ್ಕೆ ತಿರುಗುತ್ತಿರುತ್ತದೆ. ಒಳಗೆ ಆ ಹುಡುಗಿ ದಪ್ಪ ಕೋಟು ಹಾಕಿಕೊಂಡು ಕೂತಿರುತ್ತಾಳೆ, ಹೊರಗೆ ನಾವು ಬೆವರು ಒರೆಸಿಕೊಳ್ಳುತ್ತಿರುತ್ತೇವೆ. ಆಂಜನೇಯನಿಗೆ ಬೆಣ್ಣೆ ಅಲಂಕಾರ ನೋಡಿದ ಅಮ್ಮನಿಗೆ ಕೆತ್ತನೆ ಅಷ್ಟೇನೂ ಸೋಜಿಗ ಅನ್ನಿಸಲಿಲ್ಲ. 'ಆಮೇಲೆ ಈ ಬೆಣ್ಣೆ ಏನ್ ಮಾಡ್ತಾರೆ?' ಅಂತ ಕೇಳಿದರು. ಹುಡುಗಿ ಮನೆಗೆ ಒಯ್ಯುತ್ತಾಳೆ, ಊರವರಿಗೆಲ್ಲ ಜೋಳ ಬೇಯಿಸಿ ಹಾಕುವಾಗ ಅದನ್ನೇ ಬಳಸುವುದೂ ಉಂಟು ಅಂದೆ. ತುಪ್ಪ ಕಾಯಿಸಿದರೆ ಎಷ್ಟಾಗಬಹುದು ಅಂತ ಬಸ್ಸಿನಲ್ಲೂ ಲೆಕ್ಕ ಹಾಕುತ್ತಿದ್ದರು.

ತಿಂಡಿಯ ವಿಷಯ. ಆಗ ಶ್ರಾವಣ, ಮನೆಯಲ್ಲಿ ಮಾಂಸ ಇಲ್ಲ. ಹಾಟ್‌ಡಾಗ್ ಥರದವುಗಳಲ್ಲಿ ದನದ ಮಾಂಸವೂ ಇರಬಹುದು, ಹಾಗಾಗಿ ಕಡ್ಡಿಗೆ ಚುಚ್ಚಿದ್ದೆಲ್ಲವನ್ನೂ ಕೇಳಿಯೇ ತಗೋಬೇಕು. ನಾವು ಒಂದು ತಟ್ಟೆ ತಗೊಂಡು ಎಲ್ಲರೂ ಹಂಚಿಕೊಳ್ಳುತ್ತೇವೆ, ಆಗ ಹೊಟ್ಟೆಗೂ ಜೇಬಿಗೂ ಭಾರ ಆಗಲ್ಲ. ಕರಿದ ಚೀಸ್ ಕರ್ಡ್ಸ್, ಅಂದರೆ ಚೀಸಿನ ಪುಟ್ಟ ತುಂಡುಗಳು, ಬಿಸಿಯಿರುವಾಗ ಮಾತ್ರ ಚೆಂದ, ಆರಿದರೆ ರಬ್ಬರ್. ಸುಟ್ಟ ಮುಸುಕಿನ ಜೋಳವನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ. ಮನೆಯಿಂದ ಉಪ್ಪು ಖಾರದಪುಡಿ ಬೆರೆಸಿದ ಪೊಟ್ಟಣ, ಅರ್ಧ ನಿಂಬೆಹಣ್ಣು ಒಯ್ಯಿರಿ. ನಮ್ಮನ್ನು ನೋಡಿ ಪಕ್ಕದ ಬೆಂಚಿನವರೂ ಕೇಳಿ ಹಚ್ಚಿಕೊಂಡರು. ಸ್ವೀಟ್ ಮಾರ್ಥಾಸ್ ಅನ್ನುವ ಅಂಗಡಿಯಲ್ಲಿ ಕುಕ್ಕಿಯನ್ನು ಬಕೆಟ್ ತುಂಬಿ ಮೇಲೆ ಗೋಪುರ ಕಟ್ಟಿ ಕೊಡುತ್ತಾರೆ. ಮೇಲಿನದು ತಿನ್ನದೆ ಮುಚ್ಚಳ ಹಾಕಲು ಆಗಲ್ಲ.

ಆಟದ ಯಂತ್ರಗಳಿಗೆ ನಾನು ಜಾಸ್ತಿ ದುಡ್ಡು ಹಾಕಲ್ಲ, ಅಂಥವು ಎಲ್ಲಾ ಕಡೆ ಇವೆ. ಜಯಂಟ್ ಸ್ಲೈಡ್ ಅನ್ನುವ ದೊಡ್ಡ ಜಾರುಬಂಡೆ ಒಂದು ಸಾಕು.

ಅಗ್ರಿಕಲ್ಚರ್ ಹಾರ್ಟಿಕಲ್ಚರ್ ಬಿಲ್ಡಿಂಗ್ ಮಾತ್ರ ಬಿಡಬೇಡಿ. ಅಲ್ಲಿ ಬೀಜದ ಚಿತ್ರಗಳಿರುತ್ತವೆ. ಅಗಸೆ, ಸಾಸಿವೆ ಜಾತಿಯ ಕನೋಲ, ಗೋಧಿ ಎಲ್ಲವನ್ನೂ ಒಂದೊಂದೇ ಕಾಳು ಅಂಟಿಸಿ ಮಾಡಿದ ಚಿತ್ರ. ಯಾವ ಬಣ್ಣಕ್ಕೆ ಯಾವ ಬೀಜ ಅಂತ ಜೊತೆಯಲ್ಲೇ ಪಟ್ಟಿ ಅಂಟಿಸಿರಬೇಕು. ಬೀಜಗಳಿಗೆ ಬಣ್ಣ ಹಾಕಿದ್ದು, ಹಾಕದಿದ್ದು ಬೇರೆ ಬೇರೆ ವಿಭಾಗ. ದೂರದಿಂದ ಪೇಂಟಿಂಗ್ ಅಂದುಕೊಂಡ ಅಮ್ಮ ಹತ್ತಿರ ಹೋಗಿ ನೋಡಿ 'ಅಯ್ಯೋ, ಕಾಳು ಕಣೆ!' ಅಂದರು. ಇಲ್ಲಿ ಸಾಮಾನ್ಯ ಜನರೇ ಚಿತ್ರ ಕಳಿಸುವುದು. ಮಿನ್ನೆಸೋಟದಲ್ಲಿ ಬೆಳೆಯುವ ಬೆಳೆಯ ಬೀಜ ಆಗಬೇಕು, ಹಾಗಾಗಿ ನಮ್ಮ ರಾಗಿ ನಡೆಯಲಿಕ್ಕಿಲ್ಲ.

ಮಗಳು ಮುಂದಿನ ಸಲಕ್ಕೆ ಒಂದು ಹಳ್ಳಿಕಾರ್ ಎತ್ತು ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಪೆನ್ಸಿಲ್ ಚಿತ್ರವನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ಅಪ್ಪ ಒಪ್ಪುತ್ತಿಲ್ಲ. 'ಕೊಂಬು ಮೊದಲು ಹಿಂದಕ್ಕೆ ಹೋಗಬೇಕು ಮಗ, ಆಮೇಲೆ ಮುಂದಕ್ಕೆ ಬಾಗಬೇಕು. ಇದು ಎಮ್ಮೆ ಕೊಂಬು.' ಇನ್ನೊಂದು ಸಲ ಬರೆಯುತ್ತಿದ್ದಾಳೆ. ಬಣ್ಣ ಹಾಕದೆ ಬೂದು ಮೈಗೆ ಯಾವ ಬೀಜ ಸಿಗುತ್ತದೆ ಅಂತ ನಾನು ಹುಡುಕುತ್ತಿದ್ದೇನೆ.