ನೂರರ ಗಡಿಯಲ್ಲಿರುವ ನಮ್ಮ ಹೈಸ್ಕೂಲು

ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಬರುವುದು ಮಕ್ಕಳ ತಲೆ ಎಣಿಸಿ. 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ. 100ಕ್ಕೆ ಇಳಿದರೆ 25,000. ನಾನು ಹೆಡ್‌ಮಾಸ್ಟರ್ ಆಗಿರುವ ಸಣ್ಣ ಪಟ್ಟಣದ ಸರ್ಕಾರಿ ಹೈಸ್ಕೂಲು ಈ ಗಡಿಯಲ್ಲೇ ಇದೆ. ಒಂದಿಬ್ಬರು ಟಿಸಿ ತಗೊಂಡು ಹೋದರೆ ಅರ್ಧ ದುಡ್ಡು ಹೋಯಿತು. ಚಾವಣಿ ಮಾತ್ರ ಅಷ್ಟೇ ದೊಡ್ಡದು ಇರುತ್ತದೆ, ಅಲ್ವಾ?

ಟಿಸಿ ಕೇಳಲು ಬರುವವರು ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತೆತ್ತುತ್ತಾರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ವ್ಯವಸ್ಥೆ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಮಾಡಿದ ಮೇಲೆ. ನಮ್ಮದೂ ಕುಸಿಯಿತು. ಕ್ಯಾಮೆರಾ ಬಂದಿದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ. ಎಲ್ಲಿ ಹಿಂದಿದ್ದೇವೆ ಅಂತ ಗೊತ್ತಾಯಿತು.

ಹಿಂದಿದ್ದದ್ದು ಗಣಿತದಲ್ಲಿ. ಹುದ್ದೆ ಖಾಲಿ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಒಂದೆರಡು ಪಾಠದ ಹೊತ್ತು ದಾಟಿರುತ್ತದೆ. ಅಲ್ಲಿಯವರೆಗೆ ನಾನೇ ತರಗತಿಗೆ ಹೋದೆ. ಹತ್ತನೇ ತರಗತಿಯವರಿಗೆ ಐದನೆಯ, ಆರನೆಯ ತರಗತಿಯ ಲೆಕ್ಕ ಕೊಟ್ಟೆ. ಭಾಗಾಕಾರದಲ್ಲಿ ನಿಂತವರು, ಭಿನ್ನರಾಶಿಯಲ್ಲಿ ನಿಂತವರು, ಮಾತಿನ ಲೆಕ್ಕ ಓದಿದರೂ ಅರ್ಥವಾಗದವರು ಅಂತ ಮೂರು ಗುಂಪಾದವು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂದು ಗಂಟೆ ಆಯಾ ಗುಂಪಿಗೆ ಅದನ್ನೇ ಕಲಿಸಿದೆವು. ಪಾಸಿಂಗ್ ಪ್ಯಾಕೇಜ್ ಅಂತ ಅವೇ ಪ್ರಶ್ನೆಗಳನ್ನು ಉರು ಹೊಡೆಸುವುದನ್ನು ಜನವರಿಯವರೆಗೆ ಮುಟ್ಟಲಿಲ್ಲ. ಭಾಗಾಕಾರ ಬಾರದ ಹುಡುಗ ಸರಾಸರಿ ಹೇಗೆ ತೆಗೆಯುತ್ತಾನೆ?

ಇದಕ್ಕೆ ಖರ್ಚು ಅಂದರೆ ಪೇಪರ್, ಜೆರಾಕ್ಸ್. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ) ಅನುಮತಿ ಬಂದಿತ್ತು. ಗಲಾಟೆಯಾಗಿ ಆದೇಶ ವಾಪಸಾಯಿತು. ಹಾಗಾಗಿ ನಾನು ಯಾರ ಹತ್ತಿರವೂ ನಗದು ಕೇಳುವುದಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ "ಎರಡು ರೀಮ್ ಪೇಪರ್ ಕೊಡಿಸಪ್ಪಾ" ಅಂತೀನಿ. ಕೊಡುತ್ತಾರೆ. ಬಂದದ್ದು ಅವತ್ತೇ ಸ್ಟಾಕ್ ರಿಜಿಸ್ಟರಿಗೆ ಹತ್ತಬೇಕು, ಕೊಟ್ಟವರ ಹೆಸರು ಪ್ರಾರ್ಥನೆಯಲ್ಲಿ ಓದಬೇಕು. ಇಲ್ಲದಿದ್ದರೆ ಮುಂದಿನ ಸಲ ಯಾರೂ ಕೊಡುವುದಿಲ್ಲ.

ಅನುದಾನ ತಡವಾಗಿ ಬಂದರೆ ಮಾರ್ಚ್ 31ರೊಳಗೆ ಖರ್ಚು ಮಾಡುವ ಗಡಿಬಿಡಿ. ಅದಕ್ಕೇ ಡಿಸೆಂಬರಿನಲ್ಲೇ ಕೊಟೇಶನ್ ತರಿಸಿಡುತ್ತೇನೆ. ಈ ಸಲ ಗೋಡೆಗೆ ಬಣ್ಣ ಹೊಡೆಸೋಣ ಅಂತ ಕೆಲವರು ಹೇಳಿದರು. ಹುಡುಗಿಯರ ಶೌಚಾಲಯದ ಚಿಲಕ ಮುರಿದಿತ್ತು. ಊಟದ ಹೊತ್ತಿಗೆ ಮನೆಗೆ ಹೋದವರು ಮಧ್ಯಾಹ್ನದ ತರಗತಿಗೆ ಬರುತ್ತಿರಲಿಲ್ಲ. ಅನುದಾನದಲ್ಲಿ ಸ್ವಚ್ಛತೆಗೆ ಅಂತ ಇರುವ ಶೇ 10ರ ಹಣದಲ್ಲಿ ನೀರಿನ ನಲ್ಲಿ, ಉಳಿದದ್ದರಲ್ಲಿ ಬಾಗಿಲು, ಚಿಲಕ ಅಂತ ಬರೆಸಿದ್ದೇನೆ. ಬಣ್ಣ ಮುಂದಿನ ವರ್ಷ ನೋಡೋಣ.